ಇಇಜಿ ನೋಡಿ ಷಂಟ್‌ನ ಫಲ ಹೇಳಲಾಗದು: ಒಂದು ಸ್ಪಷ್ಟನೆ

‘ತಲೆಯಲ್ಲಿ ನೀರು ತುಂಬಿದ ಹಿರಿಯರಿಗೆ ಇಇಜಿ ಮಾಡಿಸಿದರೆ ಸಾಕು, ಷಂಟ್ ಫಲಿಸುತ್ತದೆಯೋ ಇಲ್ಲವೋ ತಿಳಿಯುತ್ತದೆ, ಬೆನ್ನಿಗೆ ಸೂಜಿ ಹಾಕಿಸಿಕೊಳ್ಳಬೇಡಿ’ ಎಂಬ ವಾಟ್ಸ್‌ಆ್ಯಪ್ ಸಂದೇಶ ಹರಿದಾಡುತ್ತಿದೆ. ಇದು ಸರಿಯಲ್ಲ. ಇಇಜಿ ಎಂದರೆ ಮಿದುಳಿನ ವಿದ್ಯುತ್ ಅಲೆಗಳನ್ನು ದಾಖಲಿಸುವ ಪರೀಕ್ಷೆ; ಷಂಟ್ ಎಂದರೆ ತಲೆಯಲ್ಲಿ ಹೆಚ್ಚಾದ ದ್ರವವನ್ನು ದೇಹದ ಬೇರೆ ಭಾಗಕ್ಕೆ ಹರಿಸಲು ಶಸ್ತ್ರಚಿಕಿತ್ಸೆಯಿಂದ ಅಳವಡಿಸುವ ಕೊಳವೆ.

ಮಿದುಳಿನ ಅಲೆಗಳಿಂದ ಚಿಕಿತ್ಸೆಯ ಫಲವನ್ನು ಮುಂಚಿತವಾಗಿ ಅಂದಾಜಿಸುವ ಸಂಶೋಧನೆ ನಡೆದಿರುವುದು ನಿಜ. ಆದರೆ ಅವು ಸಣ್ಣ ಗುಂಪುಗಳ ಮೇಲಿನ ಅಧ್ಯಯನಗಳು. ಶಸ್ತ್ರಚಿಕಿತ್ಸೆ ಬೇಕೋ ಬೇಡವೋ ಎಂದು ತೀರ್ಮಾನಿಸುವಷ್ಟು ಬಲ ಅವಕ್ಕಿಲ್ಲ.

ಸಂದೇಶದಲ್ಲಿ ‘ತಲೆಯಲ್ಲಿ ನೀರು’ ಎಂದಿರುವ, 1965ರಲ್ಲಿ ಹಕೀಂ ಮತ್ತು ಆಡಮ್ಸ್ ಎಂಬ ವೈದ್ಯರು ವಿವರಿಸಿದ ‘ನಾರ್ಮಲ್ ಪ್ರೆಷರ್ ಹೈಡ್ರೊಸೆಫಲಸ್’ ಎಂಬ ಕಾಯಿಲೆಯಲ್ಲಿ ಹೆಜ್ಜೆ ನೆಲಕ್ಕೆ ಅಂಟಿದಂತಾಗುತ್ತದೆ, ಮೂತ್ರದ ಹಿಡಿತ ತಪ್ಪುತ್ತದೆ, ಮರೆವು ಹೆಚ್ಚುತ್ತದೆ. ವಯಸ್ಸಾಯಿತಲ್ಲ ಎಂದು ಮನೆಯವರು ಸುಮ್ಮನಾಗುವುದೇ ಹೆಚ್ಚು. ವೈದ್ಯರು ಈ ಲಕ್ಷಣಗಳನ್ನೂ ಸಿಟಿ ಅಥವಾ ಎಂಆರ್‌ಐ ಚಿತ್ರವನ್ನೂ ನೋಡಿ, ಬೆನ್ನುಹುರಿಯ ಸುತ್ತಲಿನ ದ್ರವವನ್ನು ಸೊಂಟದ ಬಳಿಯಿಂದ ಸೂಜಿಯ ಮೂಲಕ 30ರಿಂದ 50 ಮಿ.ಲೀ.ನಷ್ಟು ತೆಗೆದು, ಮೊದಲಿನ ಮತ್ತು ನಂತರದ ನಡಿಗೆಯನ್ನು ಹೋಲಿಸುತ್ತಾರೆ. ನಡಿಗೆ ಸುಧಾರಿಸಿದರೆ ಷಂಟ್ ಉಪಯೋಗವಾಗುವ ಸಂಭವ ಹೆಚ್ಚು. ಸುಧಾರಿಸದಿದ್ದರೂ ಷಂಟ್ ನಿರರ್ಥಕ ಎಂದು ಅರ್ಥವಲ್ಲ; ಕೆಲವರಲ್ಲಿ ಕೆಲವು ದಿನ ದ್ರವ ಹರಿಯಬಿಟ್ಟು ಮತ್ತೆ ಪರೀಕ್ಷಿಸುತ್ತಾರೆ.

ಇಇಜಿ ಕೆಲಸಕ್ಕೆ ಬಾರದ್ದೇನಲ್ಲ. ಅಪಸ್ಮಾರದ ಅನುಮಾನವಿದ್ದಾಗ ಬೇಕೇ ಬೇಕು. ಸೂಜಿಯ ಪರೀಕ್ಷೆಗೆ ಮಾತ್ರ ಅದು ಬದಲಿಯಲ್ಲ.

ದಯವಿಟ್ಟು ಆ ಸಂದೇಶವನ್ನು ಮುಂದೆ ಕಳುಹಿಸಬೇಡಿ. ಅದನ್ನು ನಂಬಿ ಪರೀಕ್ಷೆ ಮುಂದೂಡಿದವರು ನಿಮ್ಮ ಗುಂಪಿನಲ್ಲಿದ್ದರೆ ನರರೋಗ ತಜ್ಞರನ್ನು ಕಾಣಲು ತಿಳಿಸಿ.