ಮೆಟ್ಟಿಲ ಮೇಲಿನ ಗ್ರ್ಯಾಂಡ್‌ಮಾಸ್ಟರ್‌ಗಳು

ಭಾನುವಾರ ಬೆಳಿಗ್ಗೆ ಡೊಂಬಿವಲಿಯಿಂದ ಲೋಕಲ್ ಹಿಡಿದು ಠಾಣೆಗೆ ಹೋದೆವು. ಎಂಟು ವರ್ಷದ ಮಗಳಿಗೆ ಚೆಸ್ ಟೂರ್ನಮೆಂಟ್. ಅವಳ ಚೀಲದಲ್ಲಿ ಒಂದು ನೀರಿನ ಬಾಟಲಿ. ನನ್ನ ಚೀಲದಲ್ಲಿ ನೆನೆಸಿದ ಬಾದಾಮಿ, ಗ್ಲೂಕೋಸ್, ಚಕ್ಲಿ, ಗಣಪತಿ ಗುಡಿಯ ಕುಂಕುಮ, ಎದುರಾಳಿಗಳ ರೇಟಿಂಗ್, ಅಂದರೆ ಆಟದ ಬಲ ಹೇಳುವ ಅಂಕಗಳ ಪಟ್ಟಿ.

ಹಾಲ್ ಒಳಗೆ ಅಪ್ಪ ಅಮ್ಮಂದಿರಿಗೆ ಪ್ರವೇಶ ಇಲ್ಲ. ಒಳಗೆ ನೂರು ಮಕ್ಕಳು, ಸದ್ದಿಲ್ಲ. ಹೊರಗೆ ಮೆಟ್ಟಿಲ ಮೇಲೆ ನಾವು, ಥೇಟ್ ಸಂತೆ. ಕಿಟಕಿಗೆಲ್ಲ ಪೇಪರ್ ಅಂಟಿಸಿದ್ದರು. ಒಂದು ಮೂಲೆಯಲ್ಲಿ ಮಾತ್ರ ಬೆರಳಗಲ ಹರಿದಿತ್ತು. ಅದರ ಮುಂದೆ ಕ್ಯೂ! ಹತ್ತು ನಿಮಿಷ ಕಾದು ಕಣ್ಣಿಟ್ಟೆ. ಕಂಡದ್ದು ಯಾರದೋ ಮಗನ ಎಡಗಿವಿ.

"ಪೊಸಿಷನ್ ಹೇಗಿದೆ ಮಾರಾಯ್ರೇ?" ಹಿಂದಿದ್ದ ಕಾರ್ಕಳದವರು ಕೇಳಿದರು.

"ಸ್ವಲ್ಪ ಒತ್ತಡದಲ್ಲಿದೆ" ಅಂದೆ. ಕಿವಿ ಕೆಂಪಗಿತ್ತು, ಸುಳ್ಳೇನಲ್ಲ.

2024ರ ಡಿಸೆಂಬರ್‌ನಲ್ಲಿ ಗುಕೇಶ್ 18ನೇ ವಯಸ್ಸಿಗೇ ವಿಶ್ವ ಚಾಂಪಿಯನ್ ಆದ ಮೇಲೆ ಈ ಮೆಟ್ಟಿಲುಗಳಿಗೆ ರಶ್ ಜಾಸ್ತಿ. ಅವರಪ್ಪ ಕಿವಿ-ಮೂಗು-ಗಂಟಲಿನ ಸರ್ಜನ್, ಮಗನಿಗೋಸ್ಕರ ಪ್ರಾಕ್ಟೀಸ್ ಬಿಟ್ಟರು ಅನ್ನೋ ಕಥೆ ಇಲ್ಲಿ ಎಲ್ಲರಿಗೂ ಬಾಯಿಪಾಠ. ಬ್ಯಾಂಕ್ ಕೆಲಸ ಬಿಟ್ಟವರು ಮಾತ್ರ ಇನ್ನೂ ಯಾರೂ ಇಲ್ಲ. ಮಕ್ಕಳ ಕ್ರಿಕೆಟ್, ಚಿತ್ರಕಲೆ, ಅಜ್ಜಿ ಮನೆ ಬಿಡಿಸಿದ್ದೇವೆ, ಅದೇನು ಸಣ್ಣ ತ್ಯಾಗವಾ?

ರೇಟಿಂಗ್ ವಿಷಯ ಕೇಳಲೇಬೇಡಿ. 2024ರ ಮಾರ್ಚ್‌ನಲ್ಲಿ ವಿಶ್ವ ಚೆಸ್ ಸಂಸ್ಥೆ ಲೆಕ್ಕ ಬದಲಿಸಿ 2000ಕ್ಕಿಂತ ಕೆಳಗಿದ್ದವರನ್ನೆಲ್ಲ ಒಂದೇ ಸಲ ಮೇಲೆತ್ತಿತು. 1150 ಇದ್ದವನು 1490. ನಮ್ಮ ಸೊಸೈಟಿಯ ಹುಡುಗನೊಬ್ಬ ಆಗ ಜ್ವರ ಬಂದು ಮಲಗಿದ್ದ. ಅವರಪ್ಪ ಮನೆಮನೆಗೆ ಪೇಡೆ ಹಂಚಿದರು. "ಹುಡುಗ ರಾತ್ರಿ ಹಗಲು ಕಷ್ಟಪಟ್ಟ" ಅಂದರು. ಕಷ್ಟಪಟ್ಟದ್ದು ನಿಜ, ಕೆಮ್ಮು ಇತ್ತಲ್ಲ.

ನನ್ನ ಜ್ಞಾನವೋ, ಆನೆ ನೇರ, ಒಂಟೆ ಓರೆ, ಕುದುರೆ ಎರಡೂವರೆ ಮನೆ, ಅಲ್ಲಿಗೆ ಮುಗೀತು. ಆದರೂ ಮೂರನೇ ಸುತ್ತು ಸೋತು ಹೊರಗೆ ಬಂದವಳನ್ನು ಬಾಗಿಲಲ್ಲೇ ತಡೆದೆ. "ಮಂತ್ರಿ ಯಾಕೆ ಕಳ್ಕೊಂಡೆ? ಮುಟ್ಟೋ ಮೊದಲು ಯೋಚನೆ ಮಾಡು, ಮುಟ್ಟಿದ ಕಾಯಿ ನಡೆಸಲೇಬೇಕು ಅಂತ ಎಷ್ಟು ಸಲ ಹೇಳಿದೀನಿ?"

"ಅಪ್ಪಾ, ಅವನ ಪೆನ್ಸಿಲ್ ಬಾಕ್ಸಲ್ಲಿ ಮ್ಯಾಗ್ನೆಟ್ ಇದೆ!"

ಅಷ್ಟರಲ್ಲಿ ಅವಳನ್ನು ಸೋಲಿಸಿದ ಹುಡುಗ ಅಳುತ್ತಾ ಬಂದ. ಗೆಲ್ಲೋಕೆ ನಲವತ್ತು ನಡೆ ಯಾಕೆ ಬೇಕಾಯ್ತು ಅಂತ ಅವರಮ್ಮ ಬೈದರಂತೆ. ನಾವಿಬ್ಬರೂ, ಅಂದರೆ ಆ ಅಮ್ಮ ಮತ್ತು ನಾನು, ಫೋನ್ ತೆಗೆದು ಆ ಆಟದ ಒಂದೊಂದೇ ನಡೆ ವಿಶ್ಲೇಷಿಸಲು ಕೂತೆವು. ಜಗಳವೂ ಆಯ್ತು. ತಲೆ ಎತ್ತಿ ನೋಡಿದರೆ ಮಕ್ಕಳಿಬ್ಬರೂ ಮೆಟ್ಟಿಲ ಕೆಳಗೆ ಮ್ಯಾಗ್ನೆಟ್‌ನಿಂದ ಸೇಫ್ಟಿ ಪಿನ್ ಎಳೆಯುತ್ತಿದ್ದಾರೆ. ನನ್ನ ಚಕ್ಲಿ ಡಬ್ಬ ಖಾಲಿ.

ನಾಲ್ಕನೇ ಸುತ್ತಿಗೆ ಕರೆದರು. ಮಗಳು ಏಳಲಿಲ್ಲ.

"ಈ ಸಲ ನೀನೇ ಹೋಗಪ್ಪಾ. ನಾನಿಲ್ಲಿ ಕೂತಿರ್ತೀನಿ."