ನುಂಗೋದಕ್ಕೆ ಏನಂತಾರೆ ಮಿಸ್?

ಐದನೇ ಕ್ಲಾಸಿಗೆ ಘನ, ದ್ರವ, ಅನಿಲ ಹೇಳಿಕೊಡುವುದು ಅರ್ಧ ಗಂಟೆಯ ಕೆಲಸ ಅಂದುಕೊಂಡಿದ್ದೆ. ಕಲ್ಲು, ನೀರು, ಗಾಳಿ. ಬೋರ್ಡಿನ ಮೇಲೆ ಮೂರು ಮನೆ ಗೀಚಿದರೆ ಮುಗಿಯಿತು. ಶಿಡ್ಲಘಟ್ಟದ ಕಡೆಯ ಹಳ್ಳಿ ಸ್ಕೂಲು, ಹದಿನಾಲ್ಕು ಮಕ್ಕಳು. ಮನೆಯಲ್ಲಿ ತೆಲುಗು, ಸ್ಕೂಲಲ್ಲಿ ಕನ್ನಡ, ಜಗಳ ಎರಡರಲ್ಲೂ. 'ಘನ' ಅಂದರೆ ಯಾರ ಮುಖದಲ್ಲೂ ಬೆಳಕು ಕಾಣಲಿಲ್ಲ. ಅದಕ್ಕೇ 'ಗಟ್ಟಿ' ಅಂದೆ. ಕೆಟ್ಟಿದ್ದೇ ಅಲ್ಲಿ.

"ಗಟ್ಟಿ ಅಂದ್ರೆ ಅಗಿಯೋದು, ದ್ರವ ಅಂದ್ರೆ ಕುಡಿಯೋದು, ಅಲ್ವಾ ಮಿಸ್?" ಅಂದಳು ಮುಂದಿನ ಸಾಲಿನ ಹುಡುಗಿ. ತಪ್ಪೇನಿಲ್ಲ ಅನ್ನಿಸಿ ತಲೆಯಾಡಿಸಿದೆ.

"ಹಂಗಾದ್ರೆ ಮುದ್ದೆ? ಅಗಿಯಲ್ಲ, ಕುಡಿಯಲ್ಲ. ನುಂಗೋದಕ್ಕೆ ಏನಂತಾರೆ ಮಿಸ್?"

ಟ್ರೈನಿಂಗಿನಲ್ಲಿ ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. "ತಟ್ಟೆಗೆ ಹಾಕಿದರೆ ತನ್ನ ಆಕಾರದಲ್ಲೇ ಕೂತಿದ್ದರೆ ಅದು ಘನ" ಅಂದೆ. ಹಿಂದಿನ ಸಾಲಿನಿಂದ ಒಬ್ಬ ಎದ್ದು, "ನಮ್ಮಮ್ಮ ಮಾಡಿದ್ದು ಕೂರಲ್ಲ ಮಿಸ್, ತಟ್ಟೆ ತುಂಬಾ ಹರಡ್ಕೊಳ್ಳುತ್ತೆ" ಅಂದ. ಸುಮ್ಮನಿರಬಹುದಿತ್ತು. ಪಾಠದ ಹುರುಪಿನಲ್ಲಿ "ಹಾಗಾದರೆ ಅದು ದ್ರವಕ್ಕೆ ಹತ್ತಿರ" ಅಂದುಬಿಟ್ಟೆ.

ಮಾರನೆಯ ದಿನ ಬೆಳಿಗ್ಗೆ ಗೇಟಿನ ಹತ್ತಿರ ಆ ತಾಯಿ ಸೆರಗು ಸಿಕ್ಕಿಸಿಕೊಂಡು ನಿಂತಿದ್ದರು. "ಏನ್ ಮೇಡಂ, ನನ್ ಮುದ್ದೆ ನೀರು ಅಂತ ಪಾಠ ಮಾಡಿದ್ರಂತೆ?" ನಮ್ಮ ಸೀಮೆಯಲ್ಲಿ ಮುದ್ದೆಗೆ ಅಂದರೆ ಮನೆತನಕ್ಕೇ ಅಂದಂತೆ. ಅವರನ್ನು ಸಮಾಧಾನ ಮಾಡಿ ಕಳಿಸುವಷ್ಟರಲ್ಲಿ ಪ್ರಾರ್ಥನೆ ಮುಗಿದಿತ್ತು. ರಾಗಿ ಹಿಟ್ಟು ಡಬ್ಬಿಯ ಆಕಾರ ತಗೊಳ್ಳುತ್ತಲ್ಲ, ಅದು ಹೇಗೆ ಘನ ಅಂತ ಇನ್ನೊಬ್ಬ ಕೇಳಿದ್ದ. ಒಂದೊಂದು ಕಣವೂ ಘನವೇ ಅನ್ನುವ ಉತ್ತರ ಗೊತ್ತಿತ್ತು. ಆದರೂ ರಾಗಿಯ ಸುದ್ದಿಗೆ ಇನ್ನು ಹೋಗಬಾರದು ಅಂತ ತೀರ್ಮಾನಿಸಿದೆ.

ಐಸ್ ತೋರಿಸಿದರೆ ಯಾರ ಅಡುಗೆಗೂ ಅವಮಾನವಾಗುವುದಿಲ್ಲ. ಶನಿವಾರ ಮಾರ್ನಿಂಗ್ ಕ್ಲಾಸು. ಚಿಕ್ಕಬಳ್ಳಾಪುರದ ನಮ್ಮ ಮನೆಯ ಫ್ರಿಜ್ಜಿನಿಂದ ಒಂದು ಟಿಫಿನ್ ಡಬ್ಬಿ ತುಂಬಾ ಐಸ್ ತೆಗೆದು, ಟವಲ್ ಸುತ್ತಿ, ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಕೂತೆ. 1 ಗ್ರಾಂ ಐಸ್ ಕರಗಲು 80 ಕ್ಯಾಲೊರಿ ಶಾಖ ಬೇಕು. ಇಂಜಿನ್ ಪಕ್ಕದ ಸೀಟು ಅದನ್ನು ಧಾರಾಳವಾಗಿ ಕೊಟ್ಟಿತು. ನೀರು ಟವಲ್ ದಾಟಿ, ನನ್ನ ಸೀರೆ ದಾಟಿ, ಪಕ್ಕದಲ್ಲಿದ್ದ ಅಜ್ಜನ ಪಂಚೆಗೆ ಇಳಿಯಿತು. ಅಜ್ಜ ಒಮ್ಮೆ ಪಂಚೆ ನೋಡಿಕೊಂಡರು, ಒಮ್ಮೆ ಡಬ್ಬಿ ನೋಡಿದರು. "ಮೀನೇನಮ್ಮಾ? ಶನಿವಾರದ ದಿನ?"

"ಐಸ್ ತಾತ, ಮಕ್ಕಳಿಗೆ ಪಾಠಕ್ಕೆ."

"ಐಸ್ ಯಾತಕ್ಕೆ ಹಾಕ್ತಾರೆ ಅಂತ ನಮಗೂ ಗೊತ್ತು ಬಿಡಮ್ಮ" ಅಂದು, ಎದ್ದು ಹಿಂದಿನ ಸೀಟಿಗೆ ಹೋದರು.

ಕ್ಲಾಸಿನಲ್ಲಿ ಮುಚ್ಚಳ ತೆಗೆದರೆ ಡಬ್ಬಿ ತುಂಬಾ ತಣ್ಣನೆಯ ನೀರು, ಮೇಲೆ ಹುಣಸೆ ಬೀಜದಷ್ಟು ಒಂದು ಚೂರು. "ಇದೇ ಘನ, ಬೇಗ ನೋಡ್ರೋ" ಅಂತ ಕೂಗಿದೆ. ಹದಿನಾಲ್ಕು ತಲೆ ಬಗ್ಗಿದವು. ಮೂರನೆಯವನು ಅದನ್ನು ಎತ್ತಿ ಬಾಯಿಗೆ ಹಾಕಿಕೊಂಡ.

ಅನಿಲಕ್ಕೆ ಉದಾಹರಣೆ ಕೇಳಿದೆ, ಎಲ್ಲರೂ ಒಟ್ಟಿಗೆ "ಸಿಲಿಂಡರ್!" ಅಂದರು. ಅಲ್ಲಾಡಿಸಿದರೆ ಒಳಗೆ ಗುಳುಗುಳು ಅನ್ನುತ್ತಲ್ಲ, ಅದು ಒತ್ತಡಕ್ಕೆ ದ್ರವವಾಗಿರೋ ಗ್ಯಾಸು, ಹೊರಗೆ ಬಂದಾಗ ಅನಿಲ ಅಂದೆ. ಮಧ್ಯಾಹ್ನ ಬಿಸಿಯೂಟದ ಸಿಲಿಂಡರನ್ನು ನಾಲ್ಕು ಜನ ಸೇರಿ ಅಲ್ಲಾಡಿಸುತ್ತಿದ್ದರಂತೆ. ಹೆಡ್‌ಮಾಸ್ಟ್ರು ನನ್ನನ್ನು ಕರೆಸಿ ಏನೇನು ಹೇಳಿದರು ಅನ್ನೋದು ಇಲ್ಲಿ ಬೇಡ.

ಉಳಿದದ್ದು ಕುದಿಯುವುದು. ಸ್ಕೂಲಿಗೆ ಹೊಸ ಥರ್ಮಾಮೀಟರ್ ಬಂದಿತ್ತು. ಬಿಸಿಯೂಟದ ಅಕ್ಕ ಸಾರಿಗೆ ನೀರಿಟ್ಟಿದ್ದಾಗ ಮಕ್ಕಳನ್ನು ಸುತ್ತ ನಿಲ್ಲಿಸಿ, "100 ಡಿಗ್ರಿಗೆ ಕುದಿಯುತ್ತೆ, ನೋಡ್ತಾ ಇರಿ" ಅಂದೆ. ಕೆಂಪು ಗೆರೆ 90 ದಾಟಿತು, 95 ದಾಟಿತು, 97ಕ್ಕೆ ಬಂದು ಕೂತುಬಿಟ್ಟಿತು. ನೀರು ಮಾತ್ರ ತಳಮಳ ಕುದಿಯುತ್ತಿದೆ.

"ಕುದ್ದೈತೆ ಮೇಡಂ, ಬೇಳೆ ಹಾಕ್ಲಾ?"

"ಇನ್ನೂ 3 ಡಿಗ್ರಿ ಆಗಬೇಕು ಅಕ್ಕ, ತಡೀರಿ."

ಹತ್ತು ನಿಮಿಷ ತಡೆದರು. ಗೆರೆ ಅಲ್ಲಾಡಲಿಲ್ಲ, ನೀರು ಕಾಲು ಭಾಗ ಆವಿಯಾಗಿ ಹೋಯಿತು. ಕೊನೆಗೆ ಅಕ್ಕ ನನ್ನ ಕೈ ಸರಿಸಿ ಬೇಳೆ ಸುರಿದರು. "ನೀರೇನು ಪುಸ್ತಕ ಓದ್ಕೊಂಡು ಕುದೀತದಾ ಮೇಡಂ?"

ಥರ್ಮಾಮೀಟರ್ ಡುಪ್ಲಿಕೇಟು ಅಂದರು ಹೆಡ್‌ಮಾಸ್ಟ್ರು. ನಾನೂ ಹಾಗೇ ಅಂದುಕೊಂಡೆ. ರಾತ್ರಿ ಪಾತ್ರೆ ತೊಳೆಯುವಾಗ ಹೊಳೆಯಿತು: ಪುಸ್ತಕದ 100 ಸಮುದ್ರ ಮಟ್ಟದ ಲೆಕ್ಕ. ಮೇಲೆ ಹೋದಷ್ಟೂ ಗಾಳಿಯ ಒತ್ತಡ ಕಡಿಮೆ, ಸುಮಾರು 300 ಮೀಟರಿಗೆ 1 ಡಿಗ್ರಿಯಂತೆ ನೀರು ಬೇಗ ಕುದಿಯುತ್ತದೆ. ನಾವಿರುವುದು ಹೆಚ್ಚುಕಡಿಮೆ 900 ಮೀಟರ್ ಎತ್ತರದಲ್ಲಿ. 1,478 ಮೀಟರಿನ ನಂದಿ ಬೆಟ್ಟದ ತುದಿಯಲ್ಲಿ ಒಲೆ ಹೂಡಿದರೆ 95ಕ್ಕೇ ಮುಗಿಯುತ್ತದೆ. ಇಷ್ಟು ವರ್ಷ ಶಿಡ್ಲಘಟ್ಟದ ಮಕ್ಕಳಿಗೆ ಮಂಗಳೂರಿನ ನೀರು ಕುದಿಸಿ ತೋರಿಸುತ್ತಿದ್ದೆ.

ಇದನ್ನು ಗೆದ್ದ ಮುಖದಲ್ಲಿ ಕ್ಲಾಸಿನಲ್ಲಿ ಹೇಳಿ, "ಶಾಖ ಕೊಟ್ಟರೆ ಘನ ದ್ರವವಾಗುತ್ತೆ, ತಣ್ಣಗೆ ಮಾಡಿದರೆ ದ್ರವ ಘನವಾಗುತ್ತೆ, ಬರ್ಕೊಳ್ಳಿ" ಅಂದೆ. ಎಂದೂ ಬಾಯಿ ಬಿಡದ, ಕಿಟಕಿ ಪಕ್ಕದ ಹುಡುಗ ಕೈ ಎತ್ತಿದ. ಅವರ ಮನೆಯಲ್ಲಿ ರೇಷ್ಮೆ.

"ಮಿಸ್, ಗೂಡು ಕಟ್ಟೋಕೆ ಹಣ್ಣಾದ ಹುಳದ ಹೊಟ್ಟೇಲಿ ಅಂಟು ಥರ ನೀರು ಇರುತ್ತೆ. ಬಾಯಿಂದ ಬಂದ್ರೆ ದಾರ. ಅದನ್ನ ಯಾರು ತಣ್ಣಗೆ ಮಾಡ್ತಾರೆ?"

ಸೀಮೆಸುಣ್ಣ ಕೈಯಲ್ಲೇ ಉಳಿಯಿತು.

"ವಾಪಸ್ ಕಾಯಿಸಿದ್ರೆ ನೀರು ಆಗಬೇಕಲ್ವಾ ಮಿಸ್? ನಮ್ ಚಿಕ್ಕಪ್ಪ ಗೂಡನ್ನ ಕುದಿಯೋ ನೀರಿಗೇ ಹಾಕಿ ನೂಲು ತೆಗೀತಾನೆ. ಕರಗಲ್ಲ."

ಓದಿಕೊಂಡು ಬರಲು ಎರಡು ದಿನ ಬೇಕಾಯಿತು. ತಣ್ಣಗಾಗಿ ಅಲ್ಲವಂತೆ, ಎಳೆತಕ್ಕೆ. ಹುಳು ತಲೆ ಆಡಿಸುತ್ತಾ ಎಳೆಯುವಾಗ ಒಳಗಿನ ಪ್ರೋಟೀನು ಸಾಲಾಗಿ ಜೋಡಿಕೊಂಡು ಗಟ್ಟಿ ಎಳೆಯಾಗುತ್ತದೆ. ಕುದಿಯುವ ನೀರಿಗೆ ಸಡಿಲವಾಗುವುದು ಮೇಲಿನ ಗೋಂದು ಮಾತ್ರ. ಹೇಳಿದೆ. ಹುಡುಗ ನಂಬಿದ ಹಾಗೆ ಕಾಣಲಿಲ್ಲ. ಆ ಶನಿವಾರ ಒಂದು ಬಿಸ್ಕೆಟ್ ಡಬ್ಬಿಯಲ್ಲಿ ಹನ್ನೆರಡು ಹುಳು ತಂದ. ಸೊಪ್ಪು ಬಿಟ್ಟು, ಮೈಯೆಲ್ಲ ಹಳದಿ ಗಾಜಿನಂತಾಗಿ, ತಲೆ ಎತ್ತಿ ಜಾಗ ಹುಡುಕುತ್ತಿದ್ದವು. ಒಂದು ಅಲ್ಲೇ ಡಬ್ಬಿಯ ಅಂಚಿಗೆ ಎಳೆ ಅಂಟಿಸಿ, ಎಂಟರ ಅಂಕಿ ಬರೆದಂತೆ ತಲೆ ತಿರುಗಿಸತೊಡಗಿತು. ನಾನು ಮೂಗು ತಾಗುವಷ್ಟು ಬಗ್ಗಿ ನೋಡಿದೆ. ಬಾಯಿಂದ ಹೊರಬರುವಾಗಲೇ ಅದು ದಾರ. ದ್ರವ ಎಲ್ಲಿ ಮುಗಿಯಿತು ಅಂತ ಕಾಣಲೇ ಇಲ್ಲ. ಬೆಲ್ಲು ಹೊಡೆಯಿತು, ಡಬ್ಬಿಯನ್ನು ಬೀರುವಿನಲ್ಲಿಟ್ಟು ಬಸ್ಸಿಗೆ ಓಡಿದೆ. ಮುಚ್ಚಳ ಹಾಕಿದ್ದೆನೋ ಇಲ್ಲವೋ, ಈಗಲೂ ನೆನಪಿಲ್ಲ.

ಸೋಮವಾರ ಬೀರು ತೆಗೆದರೆ ಥರ್ಮಾಮೀಟರಿನ ಡಬ್ಬಿಗೆ ಎರಡು ಗೂಡು, ಸೀಮೆಸುಣ್ಣದ ಪೆಟ್ಟಿಗೆಗೆ ಮೂರು. ಹಾಜರಿ ಪುಸ್ತಕದ ಬಾಯಿಗೆ ಅಡ್ಡಲಾಗಿ, ರಟ್ಟಿಗೂ ಹಾಳೆಗೂ ಸೇರಿಸಿ, ಬೀಗ ಹಾಕಿದ ಹಾಗೆ ದಪ್ಪನೆಯ ಒಂದು. ಕಿತ್ತು ಹಾಕಿ ಅಂದರು ಹೆಡ್‌ಮಾಸ್ಟ್ರು. ಹದಿನಾಲ್ಕು ಮಕ್ಕಳೂ ಒಂದೇ ಸಲ ಕೂಗಿದರು: "ಬೇಡ ಸಾ! ಇನ್ನೂ ಹಸಿ, ಗುರುವಾರ ಬಿಡಿಸಬೇಕು!"

ಬಿಡಿ ಹಾಳೆಯಲ್ಲಿ ಹಾಜರಿ ಹಾಕಿದೆ. ಮಂಗಳವಾರವೇ ಸುತ್ತಲಿನ ಸ್ಕೂಲುಗಳನ್ನು ನೋಡಿಕೊಳ್ಳುವ ಸಿಆರ್‌ಪಿ ಸಾಹೇಬರು ಬಂದರು. ಹಾಜರಿ ಪುಸ್ತಕ ಕೇಳಿದರು. ಎರಡೂ ಕೈಯಲ್ಲಿ ಹಿಡಿದು, ಆರತಿ ತಟ್ಟೆಯಂತೆ ತಂದು ಮೇಜಿನ ಮೇಲಿಟ್ಟೆ. ಅವರು ಕನ್ನಡಕ ಏರಿಸಿದರು. ಬೆರಳಿನ ತುದಿಯಿಂದ ಗೂಡನ್ನು ಮೆಲ್ಲಗೆ ಒತ್ತಿದರು. ಆಮೇಲೆ ಕಿಟಕಿ ಪಕ್ಕದ ಹುಡುಗನ ಕಡೆ ತಿರುಗಿ, "ಒಳ್ಳೇ ಗಟ್ಟಿ ಗೂಡು ಕಣೋ. ಈ ವಾರ ಮಾರ್ಕೆಟ್‌ನಲ್ಲಿ ಕೇಜಿಗೆ ಎಷ್ಟು ನಡೀತಿದೆ?" ಅಂದರು.