ಕ್ರಾಸ್ ಬಂದಾಗ ಏರಬೇಕಾದದ್ದು ಕಾರು

ನೆದರ್ಲೆಂಡ್ಸಿನ ಸೈಕಲ್ ವಿಷಯ ತೆಗೆದರೆ ಊರಿನವರಿಂದ ಬರುವ ಮೊದಲ ಮಾತು, "ಅಲ್ಲಿ ನೆಲ ಸಪಾಟು, ಜನ ಶಿಸ್ತಿನವರು, ನಮ್ಮಲ್ಲಿ ಆಗೋದಲ್ಲ ಬಿಡಿ." ನೆಲ ಸಪಾಟು ಎನ್ನುವುದು ನಿಜ. ಆದರೆ ಸಮುದ್ರದ ಗಾಳಿ ಎದುರಿಗೆ ಬೀಸಿದರೆ ಅದೇ ಒಂದು ಏರು, ಜೊತೆಗೆ ಚಳಿ, ಜಿನುಗು ಮಳೆ. ಸೈಕಲ್‌ಗೆ ಮೈಸೂರಿನ, ಧಾರವಾಡದ ಹವೆ ಇದಕ್ಕಿಂತ ಎಷ್ಟೋ ಮೇಲು. ಇನ್ನು ಶಿಸ್ತಿನ ಮಾತು. 1960ರ ದಶಕದಲ್ಲಿ ನೆದರ್ಲೆಂಡ್ಸ್ ಕೂಡ ರಸ್ತೆಗಳನ್ನು ಕಾರಿಗೆ ಬಿಟ್ಟುಕೊಟ್ಟಿತ್ತು. 1971ರಲ್ಲಿ ರಸ್ತೆ ಅಪಘಾತಗಳಲ್ಲಿ 3,000ಕ್ಕೂ ಹೆಚ್ಚು ಜನ ಸತ್ತರು, ಅವರಲ್ಲಿ 400ಕ್ಕೂ ಹೆಚ್ಚು ಮಕ್ಕಳು. ತಂದೆ ತಾಯಂದಿರು "ಮಕ್ಕಳ ಕೊಲೆ ನಿಲ್ಲಿಸಿ" ಎಂದು ಬೀದಿಗಿಳಿದರು. 1973ರ ತೈಲ ಬಿಕ್ಕಟ್ಟೂ ಸೇರಿಕೊಂಡಿತು. ಆಮೇಲೆ ಬೀದಿ ಬೀದಿಯನ್ನೇ ಬಿಚ್ಚಿ ಕಟ್ಟಿದರು. ಶಿಸ್ತು ಬಂದದ್ದು ಬೀದಿಗಳನ್ನು ಹಾಗೆ ಕಟ್ಟಿದ್ದರಿಂದ.

ನಾನಿರುವುದು ಇದೇ ದೇಶದ ಉಟ್ರೆಕ್ಟ್ ನಗರದಲ್ಲಿ. ಇಲ್ಲಿನ ರೈಲು ನಿಲ್ದಾಣದ ಅಡಿಯಲ್ಲಿ 12,500 ಸೈಕಲ್ ನಿಲ್ಲುವ ಜಾಗವಿದೆ. ಭಾರತದಿಂದ ಬಂದವರು ಅದರ ಫೋಟೊ ತೆಗೆಯುತ್ತಾರೆ, ಕೆಂಪು ಡಾಂಬರಿನ ದಾರಿಯ ಫೋಟೊ ತೆಗೆಯುತ್ತಾರೆ. ಅವರು ಬಗ್ಗಿ ನೋಡಬೇಕಾದದ್ದು ಕ್ರಾಸಿನ ಬಾಯನ್ನು.

ಮುಖ್ಯರಸ್ತೆಗೆ ಸಣ್ಣ ಬೀದಿ ಬಂದು ಕೂಡುವ ಕಡೆ ಇಲ್ಲಿ ಫುಟ್‌ಪಾತ್ ಕಡಿಯುವುದಿಲ್ಲ, ಸೈಕಲ್ ದಾರಿಯೂ ಕಡಿಯುವುದಿಲ್ಲ. ಅದೇ ಎತ್ತರದಲ್ಲಿ, ಅದೇ ಕಲ್ಲು, ಅದೇ ಬಣ್ಣದಲ್ಲಿ ಬೀದಿಯ ಬಾಯನ್ನು ದಾಟಿ ಮುಂದೆ ಹೋಗುತ್ತವೆ. ಒಳಗೆ ತಿರುಗುವ ಕಾರು ಹತ್ತು ಹನ್ನೆರಡು ಸೆಂ.ಮೀ. ಏರಿ, ದಾಟಿ, ಮತ್ತೆ ಇಳಿಯಬೇಕು. ಆ ಏರನ್ನು ಅಂಚಿನ ಕಲ್ಲಿನಲ್ಲೇ ಮಾಡಿರುತ್ತಾರೆ. ಅರ್ಧದಿಂದ ಮುಕ್ಕಾಲು ಮೀಟರ್ ಅಗಲದ ಓರೆ ಕಲ್ಲು, ಅಷ್ಟೇ. ಜೋರಾಗಿ ಹತ್ತಿದರೆ ಕಾರು ಜೋರಾಗಿ ಕುಲುಕುತ್ತದೆ, ಹಾಗಾಗಿ ವೇಗ ತಾನಾಗಿ ನಡಿಗೆಯ ಹತ್ತಿರಕ್ಕೆ ಇಳಿಯುತ್ತದೆ. ಕಾನೂನೂ ಇದಕ್ಕೆ ಹೊಂದಿಕೊಂಡಿದೆ. ಹೀಗೆ ಕಟ್ಟಿದ ಬಾಯಿಂದ ಹೊರಗೆ ಬರುವವನು, ಒಳಗೆ ಹೋಗುವವನು ಇಬ್ಬರೂ ಉಳಿದೆಲ್ಲರಿಗೂ ದಾರಿ ಬಿಡಬೇಕು. ಸೇರುವ ರಸ್ತೆ ದೊಡ್ಡದಾಗಿದ್ದರೆ ಸೈಕಲ್ ದಾರಿಯನ್ನು ಮುಖ್ಯರಸ್ತೆಯಿಂದ ಸುಮಾರು 5 ಮೀಟರ್ ಹಿಂದಕ್ಕೆ ಸರಿಸುತ್ತಾರೆ. ತಿರುಗಿದ ಕಾರು ಆ 5 ಮೀಟರಿನಲ್ಲಿ ನಿಂತು ಸೈಕಲ್‌ಗೆ ಕಾಯಬಹುದು, ಹಿಂದಿನ ವಾಹನಗಳಿಗೂ ಅಡ್ಡಿಯಿಲ್ಲ. ತಿರುಗಿದ್ದರಿಂದ ಸೈಕಲ್ ಸವಾರ ಕಾರಿನವನಿಗೆ ನೇರ ಎದುರಿಗೆ ಕಾಣುತ್ತಾನೆ, ಕನ್ನಡಿಯ ಮೂಲೆಯಲ್ಲಿ ಹುಡುಕಬೇಕಾಗಿಲ್ಲ.

ಈಗ ಬೆಂಗಳೂರಿನ ಯಾವುದಾದರೂ ಬಡಾವಣೆಯ ಫುಟ್‌ಪಾತ್ ನೆನಪು ಮಾಡಿಕೊಳ್ಳಿ. ಪ್ರತಿ ಗೇಟಿನ ಮುಂದೆ ಅದು ಇಳಿಯುತ್ತದೆ, ಮತ್ತೆ ಏರುತ್ತದೆ. ಕ್ರಾಸ್ ಬಂದರೆ ಮೊಳಕಾಲೆತ್ತರದ ಮೆಟ್ಟಿಲಿನಂತೆ ಕಡಿದುಹೋಗುತ್ತದೆ. ದಿನಕ್ಕೆರಡು ಸಲ ಹೊರಬರುವ ಒಂದು ಕಾರಿಗಾಗಿ ದಿನವಿಡೀ ಓಡಾಡುವ ನೂರಾರು ಜನ ಹತ್ತಿ ಇಳಿಯಬೇಕು. ಇದರ ಪಕ್ಕದಲ್ಲಿ ಎಷ್ಟೇ ಚೆಂದದ ಸೈಕಲ್ ದಾರಿ ಹಾಕಿದರೂ ಅದು ಕ್ರಾಸಿನಿಂದ ಕ್ರಾಸಿನವರೆಗಿನ ತುಂಡುಗಳ ಸಾಲು. ಅಪಘಾತ ಆಗುವುದು ತುಂಡುಗಳ ನಡುವಿನ ಖಾಲಿಯಲ್ಲಿ.

2012ರಲ್ಲಿ ಜಯನಗರದಲ್ಲಿ ಸೈಕಲ್ ದಾರಿ ಗುರುತು ಮಾಡಿದರು, ಅದು ಕಾರು ನಿಲ್ಲಿಸುವ ಜಾಗವಾಯಿತು. 2020ರಲ್ಲಿ ಹೊರವರ್ತುಲ ರಸ್ತೆಯಲ್ಲಿ ಸೈಕಲ್ ದಾರಿ ಬೇರ್ಪಡಿಸಲು ಕಂಬ ನೆಟ್ಟರು. ಕಂಬಗಳು ಮುರಿದವು, ಸ್ಕೂಟರುಗಳು ಒಳಗೆ ನುಗ್ಗಿದವು. ಇಲ್ಲಿ ಅಳತೆಯ ಮಾತೊಂದನ್ನು ಹೇಳಲೇಬೇಕು. ಸೈಕಲ್ ಹ್ಯಾಂಡಲ್ 60 ಸೆಂ.ಮೀ. ಆಸುಪಾಸು, ಸ್ಕೂಟರಿನದು ಅದಕ್ಕಿಂತ ತುಸು ಹೆಚ್ಚು. ಸೈಕಲ್ ಒಳಗೆ ಬಿಟ್ಟು ಸ್ಕೂಟರನ್ನು ಹೊರಗಿಡುವ ಸಂದು ಎಂಬುದೇ ಇಲ್ಲ. ಕಂಬ ಹತ್ತಿರ ಹತ್ತಿರ ನೆಟ್ಟರೆ ಮೊದಲು ಸಿಕ್ಕಿಕೊಳ್ಳುವುದು ಹಾಲಿನ ಕ್ಯಾನು ಕಟ್ಟಿದ ಸೈಕಲ್. ನೆದರ್ಲೆಂಡ್ಸಿನ ಸೈಕಲ್ ದಾರಿಗಳಲ್ಲೂ ಮೊಪೆಡ್ ಕಾಟ ಇತ್ತು. ಆಮ್‌ಸ್ಟರ್‌ಡಾಮಿನವರು ಕಂಬ ನೆಡಲಿಲ್ಲ. 2019ರ ಏಪ್ರಿಲ್‌ನಲ್ಲಿ ನಗರದ ವರ್ತುಲ ರಸ್ತೆಯೊಳಗೆ ಬಹುಪಾಲು ಕಡೆ ನೀಲಿ ನಂಬರ್ ಪ್ಲೇಟಿನ, ಎಂದರೆ ಕಡಿಮೆ ವೇಗದ ಮೊಪೆಡ್‌ಗಳನ್ನು ಮುಖ್ಯರಸ್ತೆಗೆ ಕಳಿಸಿ, ಹೆಲ್ಮೆಟ್ ಕಡ್ಡಾಯ ಮಾಡಿ, ತಪ್ಪಿದವರಿಗೆ ದಂಡ ಹಾಕಿದರು. ನನ್ನ ಅಭಿಪ್ರಾಯದಲ್ಲಿ ಬಡಾವಣೆಯ ಒಳಬೀದಿಗಳಿಗೆ ಪ್ರತ್ಯೇಕ ಸೈಕಲ್ ದಾರಿಯೇ ಬೇಡ, 30 ಕಿ.ಮೀ. ವೇಗ ಮಿತಿ ಸಾಕು. ಅದೇ ಆಮ್‌ಸ್ಟರ್‌ಡಾಮ್ 2023ರ ಡಿಸೆಂಬರ್‌ನಿಂದ ತನ್ನ ಹೆಚ್ಚಿನ ರಸ್ತೆಗಳಿಗೆ ಆ ಮಿತಿ ಹಾಕಿದೆ. ಪ್ರತ್ಯೇಕ ದಾರಿ ಬೇಕಾದದ್ದು ಬಸ್ಸು ಲಾರಿ ಓಡುವ ರಸ್ತೆಗೆ. ಅಲ್ಲಿ ಇಬ್ಬರು ಜೊತೆಯಾಗಿ ಹೋಗುವಷ್ಟು, ಎಂದರೆ ಕನಿಷ್ಠ 2 ಮೀಟರ್ ಅಗಲ ಬೇಕು. ಕಾರು ನಿಲ್ಲುವ ಸಾಲಿನ ಪಕ್ಕದಲ್ಲಾದರೆ ಬಾಗಿಲು ತೆರೆಯಲು ಇನ್ನೂ ಮುಕ್ಕಾಲು ಮೀಟರ್.

ವೇಗ ಇಳಿಸಲು ನಮ್ಮಲ್ಲಿ ಹಂಪ್ ಹಾಕುತ್ತಾರೆ. ರಸ್ತೆಯ ಅಳತೆಗಳನ್ನು ಗೊತ್ತುಮಾಡುವ ಸಂಸ್ಥೆ ಭಾರತೀಯ ರಸ್ತೆ ಕಾಂಗ್ರೆಸ್‌ನ ಅಳತೆಯ ಪ್ರಕಾರ ಅದು 3.7 ಮೀಟರ್ ಅಗಲ, 10 ಸೆಂ.ಮೀ. ಎತ್ತರ ಇರಬೇಕು. ನಮ್ಮ ಬೀದಿಗಳಲ್ಲಿ ಒಂದು ಮಾರು ಅಗಲವೂ ಇಲ್ಲದ ಗುಡ್ಡೆ ಸಿಗುತ್ತದೆ. ಕಾರು ಅದನ್ನು ಹಾರಿಸಿಕೊಂಡು ಹೋಗುತ್ತದೆ, ಸೈಕಲ್ ಸವಾರನ ಬೆನ್ನಿಗೆ ಪೆಟ್ಟು ಬೀಳುತ್ತದೆ. ಮೋರಿಯ ಕಬ್ಬಿಣದ ಜಾಲರಿಯದೂ ಇಂಥದೇ ಕಥೆ. ಸೀಳುಗಳು ರಸ್ತೆಯ ಉದ್ದಕ್ಕೆ ಇದ್ದರೆ ಚಕ್ರ ನೇರ ಒಳಗಿಳಿಯುತ್ತದೆ. ಜಾಲರಿಯನ್ನು ಕಾಲು ಸುತ್ತು ತಿರುಗಿಸಿ ಕೂರಿಸಿದರೆ ಸೀಳು ಅಡ್ಡಕ್ಕೆ ಬಂತು, ಕೆಲಸ ಮುಗಿಯಿತು. ನೆದರ್ಲೆಂಡ್ಸಿನಲ್ಲಿ ಬಹಳ ಕಡೆ ನೀರು ಹೋಗುವ ಬಾಯನ್ನು ಫುಟ್‌ಪಾತಿನ ಅಂಚಿನ ಕಲ್ಲಿನೊಳಗೇ ಇಟ್ಟಿರುತ್ತಾರೆ, ದಾರಿಯ ಮೇಲೆ ಏನೂ ಇರುವುದಿಲ್ಲ.

ಗಾಡಿಯ ವಿಷಯದಲ್ಲಿ ನಾವು ಕೈಲಿದ್ದದ್ದನ್ನು ಬಿಟ್ಟೆವು. ಇಲ್ಲಿಯವರು ಇಂದಿಗೂ ದಿನಬಳಕೆಗೆ ಇಟ್ಟುಕೊಂಡಿರುವುದು ಚೈನ್ ಪೂರ್ತಿ ಮುಚ್ಚುವ ಡಬ್ಬಿ, ಎರಡೂ ಮಡ್‌ಗಾರ್ಡ್, ಕ್ಯಾರಿಯರ್, ಹಿಂಚಕ್ರಕ್ಕೆ ಬೀಳುವ ಬಳೆಯಂಥ ಬೀಗ ಇರುವ ನೆಟ್ಟಗೆ ಕೂರುವ ಸೈಕಲ್. ನಮ್ಮ ಅಜ್ಜಂದಿರ ಕರಿ ಸೈಕಲ್‌ನಲ್ಲಿ ಇವೆಲ್ಲ ಇದ್ದವು. ಈಗ ಮಾರುವ ಗುಬುಟು ಟೈರಿನ ಗೇರ್ ಸೈಕಲ್‌ಗಳಲ್ಲಿ ಹಲವಕ್ಕೆ ಮಡ್‌ಗಾರ್ಡೇ ಇಲ್ಲ. ಮಲೆನಾಡಿನ ಒಂದು ಮಳೆಗಾಲ ಸಾಕು, ಚೈನ್ ತುಕ್ಕು ಹಿಡಿಯಲು, ಅಂಗಿಯ ಬೆನ್ನಿಗೆ ಕೆಸರಿನ ಪಟ್ಟೆ ಬೀಳಲು.

ಕರ್ನಾಟಕದಲ್ಲಿ ಸೈಕಲ್ ಎಂದರೆ ಮೊದಲು ನೆನಪಾಗಬೇಕಾದವರು ಹೈಸ್ಕೂಲಿನ ಮಕ್ಕಳು. 2006–07ರಲ್ಲಿ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಡಲು ಶುರು ಮಾಡಿತು. ಕೊಟ್ಟ ಸೈಕಲ್ ಓಡಬೇಕಾದ ರಸ್ತೆಯ ಅಂಚನ್ನು ಯಾರೂ ನೋಡಲಿಲ್ಲ. ಡಾಂಬರಿನ ಮೇಲೆ ಡಾಂಬರು ಹಾಕುತ್ತಾ ಹೋದಂತೆ ಪಕ್ಕದ ಮಣ್ಣು ಒಂದು ಗೇಣು ಕೆಳಗೆ ಉಳಿಯುತ್ತದೆ. ಹಿಂದಿನಿಂದ ಟಿಪ್ಪರ್ ಹಾರ್ನ್ ಹೊಡೆದಾಗ ಹುಡುಗಿ ಅಂಚಿನಿಂದ ಇಳಿಯುತ್ತಾಳೆ. ಮತ್ತೆ ಹತ್ತುವಾಗ ಮುಂದಿನ ಚಕ್ರ ಅಂಚಿಗೆ ಉಜ್ಜಿ ಹ್ಯಾಂಡಲ್ ತಿರುಗಿ, ಬೀಳುವುದು ರಸ್ತೆಯ ಕಡೆಗೇ. ಡಾಂಬರು ಹಾಕಿದ ವಾರದೊಳಗೆ ಗ್ರಾವೆಲ್ ತುಂಬಿ, ನೀರು ಹಾಕಿ, ರೋಲರ್ ಓಡಿಸಿ ಸಮ ಮಾಡಬೇಕು. ಈ ಕೆಲಸವನ್ನು ಟೆಂಡರಿನಲ್ಲೇ ಸೇರಿಸಿ, ಆಗುವ ತನಕ ಬಿಲ್ ತಡೆಹಿಡಿಯಬೇಕು.

ಊರೊಳಗಿನ ಕ್ರಾಸಿಗೆ ಬೆಂಗಳೂರಿನಲ್ಲಿ ಈಗ ಒಂದು ಒಳ್ಳೆಯ ಸಂದರ್ಭ ಇದೆ, ವೈಟ್ ಟಾಪಿಂಗ್. ಹಳೆ ಡಾಂಬರಿನ ಮೇಲೆ ಸುಮಾರು 15ರಿಂದ 20 ಸೆಂ.ಮೀ. ಕಾಂಕ್ರೀಟ್ ಬಂದಾಗ ಅಕ್ಕಪಕ್ಕದ ಕ್ರಾಸ್‌ಗಳಿಗೆ ಹೇಗೂ ಹೊಸ ಇಳಿಜಾರು ಕಟ್ಟಬೇಕು. ಆಗಲೇ ಫುಟ್‌ಪಾತನ್ನು ಕ್ರಾಸಿನ ಬಾಯ ಮೇಲೆ ಒಂದೇ ಎತ್ತರದಲ್ಲಿ ಎಳೆದುಬಿಡಿ ಎಂದು ಎಂಜಿನಿಯರನ್ನು ಕೇಳಬೇಕು. "ನೀರು ನಿಲ್ಲುತ್ತದೆ" ಎಂಬ ಉತ್ತರ ಬರುತ್ತದೆ. ಮೋರಿ ಫುಟ್‌ಪಾತಿನ ಅಡಿಯಲ್ಲೇ ಹರಿದು, ಕ್ರಾಸ್ ದಾಟುವಾಗ ಮೇಲೆ ಚಪ್ಪಡಿ ಇದ್ದರೆ, ಎತ್ತರಿಸಬೇಕಾದದ್ದು ಆ ಚಪ್ಪಡಿಯನ್ನು. ಕ್ರಾಸಿನ ಕಡೆಯಿಂದ ಹರಿದುಬರುವ ನೀರಿಗೆ ಏರಿನ ಬುಡದಲ್ಲಿ, ಎರಡು ಮೂಲೆಗೂ ಒಂದೊಂದು ಜಾಲರಿ ಇಟ್ಟು ಮೋರಿಗೆ ಸೇರಿಸಿದರೆ ಆಯಿತು. ಕಾಂಕ್ರೀಟ್ ಸುರಿಯುವ ಮೊದಲು, ಇನ್ನೂ ಕಂಬಿ ಕಟ್ಟುತ್ತಿರುವಾಗಲೇ ಇದನ್ನು ಕೇಳಬೇಕು. ಗಟ್ಟಿಯಾದ ಮೇಲೆ ಇನ್ನು ಹತ್ತಾರು ವರ್ಷ ಆ ಮೂಲೆಯನ್ನು ಯಾರೂ ಮುಟ್ಟುವುದಿಲ್ಲ.